ಮಸ್ಕತ್ತಿನಲ್ಲಿ ಕಾಕಾರ ಎಳ್ಳಮಾವಾಸ್ಯೆ

ನಮ್ಮ ಕಾಕಾರ ಮಟ್ಟಿಗೆ ಈ ಭೂಮಿಯ ಮೇಲೆ ಎರಡೇ ದೇಶಗಳಿದ್ದವು. ಒಂದು ಹುಮನಾಬಾದ್, ಇನ್ನೊಂದು ಪರದೇಶ. ಬೆಂಗಳೂರು, ದಿಲ್ಲಿ, ಲಂಡನ್ ಎಲ್ಲ ಆ ಎರಡನೆಯದರಲ್ಲೇ ಬರುತ್ತಿದ್ದವು! ಅಂಥವರು ಊರು ಬಿಟ್ಟು ವರ್ಷಾನುಗಟ್ಟಲೆ ಮಸ್ಕತ್ತಿನಲ್ಲಿ ಏಸಿ ರಿಪೇರಿ ಮಾಡಿಕೊಂಡಿದ್ದದ್ದು ಹೇಗೆ ಅಂತೀರಾ? ಕೇಳಿದರೆ, "ಊರು ಎಲ್ಲಿ ಬಿಟ್ಟೀನಿ? ಜರಾ ಕೆಲಸಕ್ಕ ಬಂದೀನಿ" ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ, ಮದುವೆಯಾದ ಹೊಸತರಲ್ಲಿ, ಬಸವಕಲ್ಯಾಣದಿಂದ ನಾನು ಮಸ್ಕತ್ತಿಗೆ ಹೋದೆ. ವಿಮಾನ ನಿಲ್ದಾಣದಲ್ಲಿ ಗಂಡನ ಪಕ್ಕ ದಪ್ಪ ಮೀಸೆಯವರೊಬ್ಬರು ನಿಂತಿದ್ದರು. ನನ್ನ ಗಂಡನಿಗೆ ದೂರದ ಕಾಕಾ, ಅಲ್ಲಿನ ಕನ್ನಡಿಗರಿಗೆಲ್ಲ ಹತ್ತಿರದ ಕಾಕಾ. ಕಾಲಿಗೆ ಬಿದ್ದೆ. ಆಶೀರ್ವಾದಕ್ಕೂ ಮೊದಲು ಪ್ರಶ್ನೆ ಬಂತು.

"ಕಲ್ಯಾಣ-ಹುಮನಾಬಾದ್ ರೋಡ್ ರಿಪೇರಿ ಆತೇನವಾ?"

"ಇನ್ನೂ ಆಗಿಲ್ರಿ."

ಕಾಕಾರ ಮುಖ ಅರಳಿತು. "ಹಂಗಾದ್ರ ನಾ ಬಿಟ್ಟು ಬಂದಂಗೇ ಅದ ಬಿಡು!"

ಗಂಡ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮನೆಯಲ್ಲಿ ನಾನು ಮತ್ತು ಏಸಿ, ಇಬ್ಬರೇ. ಅದಾದರೂ ಗೊರ್ ಅನ್ನುತ್ತಿತ್ತು, ನಾನು ಅಷ್ಟನ್ನೂ ಅನ್ನುತ್ತಿರಲಿಲ್ಲ. ನನ್ನ ಮೌನ ಬಿಡಿಸಲೆಂದೇ ಕಾಕಾ ನಮ್ಮನ್ನು ಕನ್ನಡಿಗರ ಕೂಟವೊಂದಕ್ಕೆ ಎಳೆದೊಯ್ದರು. ಅಲ್ಲಿ ಎದುರಿಗೆ ಸಿಕ್ಕವರಿಗೆಲ್ಲ ಊರು ಕೇಳುವುದೇ ಅವರ ಕೆಲಸ. ಜರತಾರಿ ಸೀರೆಯ ಹೆಂಗಸೊಬ್ಬರು "ಮೈಸೂರು" ಎಂದರು.

"ಅಯ್ಯ ಪಾಪ, ಅಷ್ಟು ದೂರದಿಂದ ಬಂದೀರಿ?" ಕಾಕಾ ಮರುಗಿದರು.

ಅವರು ತಬ್ಬಿಬ್ಬಾಗಿ, "ನೀವು?" ಎಂದರು.

"ನಾವು ಇಲ್ಲೇರಿ, ಹುಮನಾಬಾದ್!"

ನಾನೂ ಧೈರ್ಯ ಮಾಡಿ ಒಬ್ಬರನ್ನು "ಹ್ಯಾಂಗ ಇದ್ದೀರಿ?" ಎಂದು ಕೇಳಿದೆ. ಪಕ್ಕದಲ್ಲಿದ್ದವರು ಕಿಸಕ್ಕನೆ ನಕ್ಕರು. ಅಲ್ಲಿಗೆ ನನ್ನ ಬಾಯಿ ಮತ್ತೆ ಬಂದ್! ಕಾರಿನಲ್ಲಿ ಕಾಕಾ ಸಮಾಧಾನ ಮಾಡಿದರು: "ನಮ್ಮ ಮಾತು ಅವರಿಗಿ ತಿಳೀಲಿಲ್ಲಂದ್ರ ಕಸರು ಅವರ ಕಿವಿದು. ನೀ ಯಾಕ ಬಾಯಿ ಮುಚ್ತಿ?" ಆದರೂ ಆಮೇಲೆ ನಾನು ಯಾವ ಕೂಟಕ್ಕೂ ಹೋಗಲಿಲ್ಲ.

ಎಳ್ಳಮಾವಾಸ್ಯೆ ಹತ್ತಿರ ಬಂತು. ನಮ್ಮ ಕಡೆ ಅಂದು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಬೆಳೆ ಹೊತ್ತು ನಿಂತ ಭೂಮಿತಾಯಿ ಬಸುರಿಯಂತೆ. ಅವಳ ಬಯಕೆ ತೀರಲೆಂದು, ಮಾಡಿದ ಅಡುಗೆಯನ್ನು ಚರಗ ಎಂದು ಹೊಲದ ತುಂಬ ಚೆಲ್ಲಿ ಆಮೇಲೆ ನಾವು ಉಣ್ಣುವುದು. ಆದರೆ ಮರಳುಗಾಡಿನಲ್ಲಿ ಹೊಲವೆಲ್ಲಿ? ಹಬ್ಬದ ದಿನ ಕಾಕಾ ತಾವೇ ಮಾಡಿದ ಅಡುಗೆಯ ಪಾತ್ರೆ, ಚಾಪೆ ಹೊತ್ತು ಬಾಗಿಲಿಗೆ ಬಂದು ನಿಂತರು.

"ನಡೀರಿ, ಹೊಲಕ್ಕ ಹೋಗೂನು!"

ನನಗೋ ಆಗ ನಾಲ್ಕನೆಯ ತಿಂಗಳು. ನೀರು ಕುಡಿದರೂ ವಾಂತಿ. ಬೇಡವೆಂದರೆ ಕೇಳುವವರಾರು?

ಕಾಕಾರ ಹೊಲ ಎಂದರೆ ಊರ ನಡುವಿನ ಸರ್ಕಾರಿ ಉದ್ಯಾನ! ಕತ್ತರಿಸಿದ ಹುಲ್ಲು, ಸಾಲು ಹೂಗಿಡ, "ಹುಲ್ಲು ತುಳಿಯಬೇಡಿ" ಎಂಬ ಫಲಕ. ಕಾಕಾ ತಲೆಗೆ ಟವೆಲ್ ಸುತ್ತಿದರು, ಪಾತ್ರೆ ಹಿಡಿದರು, ಫಲಕದ ಪಕ್ಕದಿಂದಲೇ ಒಳಗಿಳಿದು ಹೂಗಿಡಗಳಿಗೆ ಕಾಳು-ಸೊಪ್ಪು ಬೇಯಿಸಿದ ಭಜ್ಜಿ ಚೆಲ್ಲುತ್ತ ಹೊರಟರು. ನನ್ನ ಗಂಡ ತಮಗೂ ಅವರಿಗೂ ಸಂಬಂಧವಿಲ್ಲವೆಂಬಂತೆ ಒಂದು ಖರ್ಜೂರದ ಮರವನ್ನು ನೋಡುತ್ತ ನಿಂತರು.

ಕಾವಲುಗಾರ ಸೀಟಿ ಊದುತ್ತ ಓಡಿ ಬಂದ. ಪುಣ್ಯಕ್ಕೆ ಲಾಹೋರಿನ ಕಡೆಯವನು, ಉರ್ದು ಬರುತ್ತಿತ್ತು. ಏನು ಚೆಲ್ಲುತ್ತಿದ್ದೀಯ ಎಂದು ಗದರಿದ. ಕಾಕಾ ಅಳುಕದೆ ನಮ್ಮೂರಿನ ಉರ್ದುವಿನಲ್ಲಿ, ಭೂಮಿಗೆ ಊಟ ಹಾಕುತ್ತಿದ್ದೇನೆ, ಇವತ್ತು ನಮ್ಮ ರೈತರ ಹಬ್ಬ ಎಂದು ವಿವರಿಸಿದರು. ಆತ ಪಾತ್ರೆಯೊಳಗೆ ಇಣುಕಿದ. ಮೂಗು ಅರಳಿಸಿದ. ಸೀಟಿಯನ್ನು ಜೇಬಿಗಿಳಿಸಿದ.

"ಔರ್ ಹಮ್ ಕೋ?"

ನಮಗಿಲ್ಲವೇ ಎಂದು ಕೇಳಿದ ಆ ಸರ್ಕಾರಿ ಪ್ರತಿನಿಧಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟ!

ಕಾಕಾ ಅವನಿಗೆ ಕಾಯಲು ಹೇಳಿ, ಸಜ್ಜೆ ರೊಟ್ಟಿಯ ಮೇಲೆ ಭಜ್ಜಿ ಹಾಕಿ ನನ್ನ ಮುಂದೆ ಹಿಡಿದರು. ಹಸಿ ತೊಗರಿ, ಮೆಂತ್ಯೆ ಸೊಪ್ಪು, ಹುಣಸೆ. ಇವನ್ನೆಲ್ಲ ಎಲ್ಲಿ ಹುಡುಕಿ ತಂದಿದ್ದರೋ!

"ಭೂಮಿತಾಯಿದು ಆತು. ಈಗ ನಿಂದು. ಉಣ್ಣವಾ."

"ಬ್ಯಾಡ್ರಿ ಕಾಕಾ, ಹೊಟ್ಟ್ಯಾಗ ನಿಲ್ಲಂಗಿಲ್ಲ."

"ಒಂದು ತುತ್ತು."

ನಾನು ಬೇಡವೆಂದು ತಲೆಯಾಡಿಸಿದೆ. ಕಾಕಾ ನನ್ನ ಎದುರು ಕುಳಿತರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ನನ್ನ ಮಗಳು ಹೊಟ್ಟ್ಯಾಗಿದ್ದಾಗ ನಾ ಇಲ್ಲೇ ಇದ್ದೆ. ನಿನ್ನ ಕಾಕಿಗಿ ಏನು ಉಣಬೇಕು ಅನಸ್ತಿತ್ತೋ, ಗೊತ್ತೇ ಆಗಲಿಲ್ಲ ನೋಡು."

"ಆಮ್ಯಾಲ ಕೇಳಲಿಲ್ಲೇನ್ರಿ?"

"ಕೇಳಿದ್ದೆ. ಮರತೀನಿ ಅಂತಾಳ."

ರೊಟ್ಟಿ ಹಿಡಿದ ಕೈಯನ್ನು ಅವರು ಹಿಂದಕ್ಕೆ ತೆಗೆಯಲಿಲ್ಲ. ನಾನು ತುತ್ತು ಮುರಿದು ಬಾಯಿಗಿಟ್ಟೆ. ಉಪ್ಪು ಕಡಿಮೆ, ಹುಳಿ ವಿಪರೀತ. ನುಂಗಿದೆ, ನಿಂತಿತು.

"ಕಾಕಾ, ಇನ್ನೊಂದು ರೊಟ್ಟಿ ಕೊಡ್ರಿ" ಎಂದೆ.