ಮಾವನ ಇಂಗ್ಲಿಷ್ ರಾಜಿ

ಹೊಳಲ್ಕೆರೆಯಿಂದ ಹಿರಿಯೂರಿನವರೆಗೆ ಯಾರ ಮನೆಯಲ್ಲಿ ಜಗಳವಾದರೂ ನನ್ನ ಸೋದರಮಾವನಿಗೆ ಹಬ್ಬ! ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಕ್ಷಮಿಸುವುದಕ್ಕೆ, ಹಳೆಯದನ್ನು ಮರೆತು ಮುಂದೆ ಹೋಗುವುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ನುಡಿಗಟ್ಟುಗಳಿವೆಯೋ ಅಷ್ಟೂ ಅವರ ನಾಲಗೆಯ ತುದಿಯಲ್ಲಿ. ಕರೆಯದಿದ್ದರೂ ಹೋಗಿ ರಾಜಿ ಮಾಡಿಸುತ್ತಾರೆ. ಒಂದೇ ಒಂದು ಮನೆ ಬಿಟ್ಟು. ಅದು ಯಾವುದು ಅಂತ ಆಮೇಲೆ ಹೇಳುತ್ತೇನೆ.

ಹಿರೇಗುಂಟನೂರಿನ ನಮ್ಮ ಪಕ್ಕದ ಮನೆಯ ಅಣ್ಣತಮ್ಮಂದಿರು ಬದುವಿನ ಬೇವಿನ ಮರಕ್ಕಾಗಿ ಮಾತು ಬಿಟ್ಟಿದ್ದರು. ಮಾವ ಇಬ್ಬರನ್ನೂ ಕೂರಿಸಿಕೊಂಡು, "ಬರಿ ದ ಹ್ಯಾಚೆಟ್! ಅಂದ್ರೆ ಕೊಡಲಿ ಹೂಳ್ರಪ್ಪ. ದ್ವೇಷ ಬಿಟ್ಟು ಒಂದಾಗ್ರಿ ಅಂತ ಅರ್ಥ" ಎಂದರು. ಅರ್ಥ ಹೇಳಿ ಸುಮ್ಮನಿರಬಾರದೆ? ಮನಸ್ಸಿಗೆ ನಾಟಲಿ ಎಂದು ನಿಜವಾದ ಕೊಡಲಿಯನ್ನೇ ತರಿಸಿ ಹಿತ್ತಲಲ್ಲಿ ಹೂಳಿಸಿದರು! ಮೂರನೇ ದಿನ ಅಣ್ಣ ಬಂದ.

"ಮೇಷ್ಟ್ರೇ, ಸೌದೆ ಯಾತ್ರಾಗೆ ಸೀಳಾನ?"

"ಇಂಗ್ಲಿಷಿನೋರು ಅದ್ನ ಹೇಳಿಲ್ಲಪ್ಪ!"

ಹೂತ ಕೊಡಲಿಯನ್ನು ಅಗೆಯುವವರು ಯಾರು ಎಂಬುದಕ್ಕೆ ಅಣ್ಣತಮ್ಮಂದಿರು ಮತ್ತೆ ಮಾತು ಬಿಟ್ಟರು.

ಹಿರಿಯೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಸೊಸೆಯೊಬ್ಬಳು ಅತ್ತೆಯ ಮೇಲೆ ಮುನಿಸಿಕೊಂಡಿದ್ದಳು. "ಆಗಿದ್ದು ಆಗೋಯ್ತು ಅನ್ನಾಕೆ ವಾಟರ್ ಅಂಡರ್ ದ ಬ್ರಿಡ್ಜ್ ಅಂತಾರಮ್ಮ. ಸೇತುವೆ ಕೆಳಗೆ ಹರಿದುಹೋದ ನೀರು" ಎಂದರು ಮಾವ.

"ನಮ್ಮೂರ ಸೇತುವೆ ಕೆಳಗೆ ನೀರೆಲ್ಲೈತ್ರಿ? ಹಳ್ಳ ಬರ್ಲಿ, ಆಮ್ಯಾಲೆ ನೋಡಾಣ!"

ಇಂಥ ಮಾವ ಸ್ವಂತ ಅಕ್ಕನ ಜೊತೆ, ಅಂದರೆ ನಮ್ಮವ್ವನ ಜೊತೆ, ಐದು ವರ್ಷ ಮಾತು ಬಿಟ್ಟಿದ್ದರು ಎಂದರೆ ನಂಬುತ್ತೀರಾ? ಕಾರಣ ಕರಿಯ. ಮಾವ ಮರಿಯಿಂದ ಸಾಕಿದ ಟಗರು; ಹೊಳಲ್ಕೆರೆಯ ಬಾಡಿಗೆ ಮನೆಯಲ್ಲಿ ಜಾಗವಿಲ್ಲದೆ ನಮ್ಮ ಕೊಟ್ಟಿಗೆಯಲ್ಲಿತ್ತು. ನನ್ನ ಮಗನ ಜವಳದ ದಿನ ನಸುಕಿನಲ್ಲಿ ಅವ್ವ, ಕುಯ್ಯುವವನಿಗೆ "ಆ ಕರೇದು" ಎಂದು ಕೈ ತೋರಿಸಿದಳು. ಕೊಟ್ಟಿಗೆಯಲ್ಲಿ ಕರೇ ಟಗರು ಎರಡಿದ್ದವು. ಮಧ್ಯಾಹ್ನ ಮಾವ ಮೂರು ಸಲ ಬಡಿಸಿಕೊಂಡು, "ಏನ್ ರುಚಿ ಅಕ್ಕ!" ಎಂದು ಹೊಗಳಿ, ಕೈ ತೊಳೆದು, ಕರಿಯನಿಗೆ ಬಾಳೆಹಣ್ಣು ತಿನ್ನಿಸಲು ಕೊಟ್ಟಿಗೆಗೆ ಹೋದರು!

ಅಂದಿನಿಂದ ಹಬ್ಬಕ್ಕೆ ಬರುವುದು ತಪ್ಪಲಿಲ್ಲ. ಮಾತು ಮಾತ್ರ ನನ್ನ ಮೂಲಕ.

"ನಿಮ್ಮವ್ವಂಗೆ ಹೇಳು, ನೀರು ಬೇಕು."

"ನಿಮ್ಮ ಮಾವಂಗೆ ಹೇಳು, ಚೊಂಬು ಅವನ ಮಗ್ಗುಲಾಗೇ ಐತೆ."

"ಫರ್ಗಿವ್ ಅಂಡ್ ಫರ್ಗೆಟ್ ಎಲ್ಲಿಗೋಯ್ತು ಮಾವ?" ಎಂದು ಕೆಣಕಿದೆ.

"ಲೇ, ನಾನು ಪಾಠ ಹೇಳೋನು, ಕಲಿಯೋನಲ್ಲ!"

ಕಳೆದ ತಿಂಗಳು ಬಾಡೂಟಕ್ಕೆ ಬಂದಿದ್ದರು. ಉಪ್ಪು ಕೇಳಲು ನಾನು ಕಾಣದೆ, ತಟ್ಟೆ ಹಿಡಿದುಕೊಂಡು ತಾವೇ ಅಡುಗೆಮನೆಗೆ ನುಗ್ಗಿದರು. ಅಂಗಳದಿಂದ ಅದನ್ನು ಕಂಡ ನಾನು ಹಿಂದೆಯೇ ಓಡಿದೆ. ಅವ್ವ ಒಬ್ಬಳೇ ನೆಲದ ಮೇಲೆ ಕುಳಿತು ಮುದ್ದೆ, ಸೊಪ್ಪಿನ ಸಾರು ಉಣ್ಣುತ್ತಿದ್ದಳು.

"ನಿಮ್ಮವ್ವ ಯಾಕೆ ಬಾಡು ಹಾಕ್ಕಂಡಿಲ್ಲ?"

"ಕರಿಯ ಹೋದ ದಿನದಿಂದ ಮುಟ್ಟಿಲ್ಲ ಮಾವ" ಎಂದೆ.

ಮಾವ ಬಾಯಿ ತೆರೆದರು. ಒಂದೇ ಒಂದು ಇಂಗ್ಲಿಷ್ ನುಡಿಗಟ್ಟೂ ಬರಲಿಲ್ಲ. ತಮ್ಮನಾದರೂ ಶಾಲೆಗೆ ಹೋಗಲಿ ಎಂದು ತನ್ನ ಓದು ಬಿಟ್ಟು ಕುರಿ ಕಾಯ್ದವಳು ಅವ್ವ. ಮಾವ ಕೈಯಲ್ಲಿದ್ದ ತಟ್ಟೆಯನ್ನು ಬದಿಗಿಟ್ಟು ಅವಳ ಪಕ್ಕ ಕುಳಿತರು.

"ಅಕ್ಕ, ನಂಗೂ ಸೊಪ್ಪಿನ ಸಾರೇ ಹಾಕು."

ನನಗೆ ಅಳು ತಡೆಯಲಾಗಲಿಲ್ಲ. ಅವ್ವ ಮುಖ ಎತ್ತಲಿಲ್ಲ. ತನ್ನ ಮುದ್ದೆಯಲ್ಲೇ ಅರ್ಧ ಮುರಿದು ಕೊಟ್ಟು, ಸಾರು ಬಿಟ್ಟು ಹೇಳಿದಳು:

"ಸುಡ್ತೈತೆ. ನೋಡ್ಕಂಡು ಉಣ್ಣಲೇ."