ಮಗಳ ಗಂಟಲು, ಊರವರ ಬಾಯಿ

ನಮ್ಮ ಮನೆಯಲ್ಲಿ ಯಾರಿಗಾದರೂ ಸಣ್ಣ ಜ್ವರ ಬಂದರೂ ಔಷಧಿಗಿಂತ ಮೊದಲು ಬಂದು ಸೇರುವುದು ಸಲಹೆಗಳು. ಹೋದ ವರ್ಷ ಏಳು ವರ್ಷದ ಮಗಳಿಗೆ ಹಾಸನದಲ್ಲಿ ಟಾನ್ಸಿಲ್ ಆಪರೇಷನ್ ಮಾಡಿಸಿದಾಗಂತೂ ಕೇಳುವ ಹಾಗೇ ಇರಲಿಲ್ಲ. ಅಲ್ಲಿಯವರೆಗೆ ತಿಂಗಳು ತಿಂಗಳೂ ಗಂಟಲು ಊದಿ, ಮಗು ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗಿ ಎದ್ದು ಕೂರುತ್ತಿತ್ತು. ತೆಗೆಸಿಬಿಡಿ ಅಂದರು ಡಾಕ್ಟರು. ತೆಗೆಸಿದೆವು. ಅದೇನೋ ಸಲೀಸಾಗಿ ಮುಗಿಯಿತು. ಮನೆಗೆ ಬಂದ ಮೇಲಿನದೇ ಫಜೀತಿ. ನಾನು ಬಸ್ ಕಂಡಕ್ಟರು. ದಿನಾ ಒಂದು ಬಸ್ಸಿನ ತುಂಬ ಜನರ ಜೊತೆ ವಾದ ಮಾಡಿ ಬದುಕುವವನು. ನನಗೇ ಸಾಕಾಗಿಹೋಯಿತು.

ರಜೆ

ನನ್ನ ಹೆಂಡತಿ ಹೈಸ್ಕೂಲ್ ಟೀಚರು. ಅವಳಿಗೆ ಅದೇ ಹೊತ್ತಿಗೆ ಪರೀಕ್ಷೆ ಡ್ಯೂಟಿ ಬಿತ್ತು. ಮಗಳನ್ನು ನಾನೇ ನೋಡಿಕೊಳ್ಳುತ್ತೇನೆ ಅಂತ ಹೇಳಿ ಡಿಪೋದಲ್ಲಿ ರಜೆ ಕೇಳಲು ಹೋದೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿದರು.

"ಯಾರಿಗ್ರೀ ಆಪರೇಷನ್ನು, ನಿಮಗಾ?"

"ಮಗೀಗೆ ಸಾ."

"ಮಗೀಗಾದ್ರೆ ನಿಮಗ್ಯಾಕ್ರೀ ರಜೆ? ತಾಯಿ ಇಲ್ವಾ?"

"ತಾಯೀನೂ ಅವ್ಳೆ ಸಾ, ಅಪ್ಪನೂ ಅವ್ನೆ. ಅದ್ಕೇ ರಜೆ ಕೇಳ್ತಿರೋದು. ಅಪ್ಪ ಸತ್ತೋಗಿದ್ರೆ ಕೇಳ್ತಿರ್ನಿಲ್ಲ."

ಸಾಹೇಬರು ಸ್ವಲ್ಪ ಹೊತ್ತು ಪೆನ್ನು ಹುಡುಕಿ ಕೊನೆಗೆ ಸಹಿ ಹಾಕಿದರು. ಹೊರಗೆ ಕಾಯುತ್ತಿದ್ದ ನಮ್ಮ ಡ್ರೈವರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವನಿಗೆ ನನ್ನ ದನಿ ಎಷ್ಟೋ ವರ್ಷಗಳಿಂದ ಗೊತ್ತು.

"ಅಷ್ಟೆಲ್ಲ ಯಾಕ್ ವಾದ ಮಾಡ್ದೆ? ಗಂಟ್ಲು ಕೆಟ್ಟಿರೋದು ನಂದೇಯ ಅಂದಿದ್ರೆ ಆಗಿತ್ತು. ನಿನ್ ದನಿ ಕೇಳ್ದೋರು ಯಾರಾದ್ರೂ ನಂಬ್ತಾರೆ."

ಐಸ್‌ಕ್ರೀಮು

ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ಹೇಳಿದ್ದು ಇಷ್ಟು. ಮೆತ್ತಗಿರುವುದು ಕೊಡಿ, ತಣ್ಣಗಿರುವುದು ಕೊಡಿ, ನೀರು ಮಾತ್ರ ಕಡಿಮೆ ಮಾಡಬೇಡಿ, ಐಸ್‌ಕ್ರೀಮಾದರೂ ಪರವಾಗಿಲ್ಲ. ಜೊತೆಗೆ ನಮ್ಮವ್ವ ಇದ್ದರು. ಮಗು ನೋಡಬೇಕು ಅಂತ ಬಾಗೂರಿನಿಂದ ಬಂದವರು. ಹಾಸನದಿಂದ ಹೊಳೆನರಸೀಪುರದ ನಮ್ಮ ಮನೆಯವರೆಗೆ ಅವರು ತುಟಿ ಎರಡು ಮಾಡಲಿಲ್ಲ. ಮನೆ ಬಾಗಿಲು ತೆಗೆದ ಮೇಲೆ ಶುರುವಾಯಿತು.

"ಐಸ್ಕ್ರೀಂ ತಿಂದು ತಿಂದು ಗಂಟ್ಲು ಕೆಡುಸ್ಕೊಂಡ್ಳು ಅಂತ ಕುಯ್ಯಿಸ್ಕೊಂಡ್ ಬಂದ್ರಿ. ಈಗ ಅದ್ಕೆ ಔಸ್ದೀನೂ ಐಸ್ಕ್ರೀಮೇಯ? ಆ ಡಾಕುಟ್ರ ಮನೇರು ಐಸ್ಕ್ರೀಂ ಅಂಗ್ಡಿ ಮಡಗವ್ರೇನ್ಲಾ?"

"ಇಲ್ಲ ಕಣವ್ವ. ತಣ್ಣಗಿದ್ರೆ ನೋವು ಕಮ್ಮಿ ಆಯ್ತದೆ."

"ನಾನಿರಗಂಟ ಈ ಮನೇಲಿ ಮಗೀಗೆ ತಣ್ಣಗಿರೋದು ಕೊಡಕ್ಕಿಲ್ಲ."

ನಾನೂ ಬಿಡಲಿಲ್ಲ. ಹೋಗಿ ದೊಡ್ಡ ಡಬ್ಬವನ್ನೇ ತಂದು ಫ್ರಿಜ್ಜಿನಲ್ಲಿಟ್ಟೆ. ಸ್ನಾನ ಮುಗಿಸಿ ಬಂದು ನೋಡಿದರೆ ಡಬ್ಬ ಖಾಲಿ. ಅವ್ವ ಒಲೆ ಮುಂದೆ ನಿಂತು ಪಾತ್ರೆಯಲ್ಲಿ ಏನೋ ತಿರುವುತ್ತಿದ್ದರು. ಮನೆಯೆಲ್ಲ ಶುಂಠಿ ವಾಸನೆ.

"ಡಾಕುಟ್ರ ಮಾತ್ನೂ ತೆಗ್ದಾಕಬಾರ್ದು ಅಂತ ಐಸ್ಕ್ರೀಮ್ನೇ ಕಾಯಿಸಿವ್ನಿ. ನಾಕು ಮೆಣಸೂ ಕುಟ್ಟಾಕಿವ್ನಿ. ಈಗ ಕೊಡು."

ಮುಷ್ಕರ

ಇದರಲ್ಲಿ ಮಗಳು ಅಜ್ಜಿ ಕಡೆಯೂ ಅಲ್ಲ, ಅಪ್ಪನ ಕಡೆಯೂ ಅಲ್ಲ. ಅವಳು ಏನನ್ನೂ ನುಂಗುವುದಿಲ್ಲ ಅಂತ ಬಾಯಿ ಬಿಗಿದು ಕೂತುಬಿಟ್ಟಳು. ನೀರೂ ಇಲ್ಲ, ನೋವಿನ ಸಿರಪ್ಪೂ ಇಲ್ಲ. ಬೇಡಿಕೊಂಡರೆ ಕೀರಲು ದನಿಯಲ್ಲಿ ಒಂದೇ ಮಾತು, "ನೀನು ನೋಯಲ್ಲ ಅಂದಿದ್ದೆ."

ಸಂಜೆಯ ಹೊತ್ತಿಗೆ ತುಟಿ ಒಣಗಿತು. ಆಸ್ಪತ್ರೆಗೆ ಫೋನ್ ಮಾಡಿದೆ. ಹೀಗೇ ಕುಡಿಯದಿದ್ದರೆ ವಾಪಸ್ ಕರೆದುಕೊಂಡು ಬನ್ನಿ, ಡ್ರಿಪ್ ಹಾಕಬೇಕಾಗುತ್ತದೆ ಅಂದರು. ಸೂಜಿ ಅಂದರೆ ಅವಳು ಹೇಗೆ ನಡುಗುತ್ತಾಳೆ ಅಂತ ಕಣ್ಣಾರೆ ಕಂಡಿದ್ದೆ.

ಕೊನೆಗೆ ನನಗೆ ಬರುವ ವಿದ್ಯೆಯನ್ನೇ ಬಳಸಿದೆ. ಕುರ್ಚಿಗಳನ್ನು ಸಾಲಾಗಿಟ್ಟು ಬಸ್ಸು ಮಾಡಿದೆ. ಮಗಳೇ ಡ್ರೈವರು. "ಚನ್ನರಾಯಪಟ್ಟಣ, ಹಾಸನ, ಅರಕಲಗೂಡು, ಬೇಗ ಹತ್ತಿ. ಪ್ರತಿ ಸ್ಟಾಪಿನಲ್ಲೂ ಡ್ರೈವರ್ ಒಂದು ಗುಟುಕು ನೀರು ಕುಡಿಯಬೇಕು" ಅಂದೆ. ಅವಳು ಗಾಳಿಯಲ್ಲೇ ಸ್ಟೇರಿಂಗ್ ತಿರುಗಿಸುತ್ತಾ ನನ್ನ ಕಡೆ ನೋಡದೆಯೇ ಹೇಳಿದಳು, "ಇದು ನಾನ್‌ಸ್ಟಾಪ್."

ಆಮೇಲೆ ಎಳನೀರನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ಲೋಟಕ್ಕೆ ಬಗ್ಗಿಸಿ, "ಇದನ್ನು ಯಾರೂ ಮುಟ್ಟಬಾರದು" ಅಂತ ಗದರುವವನಂತೆ ನಟಿಸಿದೆ. "ನಾನು ಕುಡೀಲಿ ಅಂತ ಸುಮ್ನೆ ಹೇಳ್ತಿದೀಯ" ಅಂದು ಮುಖ ತಿರುಗಿಸಿದಳು.

ಅಷ್ಟರಲ್ಲಿ ನಮ್ಮವ್ವ ಬಂದರು. ಲೋಟ ಮುಟ್ಟಿ ನೋಡಿದರು. ಅವರ ಮುಖದಲ್ಲಿ ನಟನೆ ಅನ್ನುವುದು ಚೂರೂ ಇರಲಿಲ್ಲ.

"ಮಂಜುಗಡ್ಡೆ ಅಂಗಿರೋದ್ನ ಮಗೀಗ್ ಮಡಗಿದ್ದೀಯಲ್ಲೋ. ಏ ಕೂಸೇ, ಇದ್ನೇನಾರ ಕುಡ್ದಿದ್ದೇ ಆದ್ರೆ ನೋಡು."

ಮಗಳು ಅಜ್ಜಿಯನ್ನು ನೋಡಿದಳು. ಲೋಟ ಎತ್ತಿಕೊಂಡಳು. ನೋವಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಜ್ಜಿಯ ಮೇಲಿಟ್ಟ ದೃಷ್ಟಿ ತೆಗೆಯದೆ ತಳದ ತನಕ ಕುಡಿದು ಖಾಲಿ ಲೋಟವನ್ನು ಅಜ್ಜಿಯ ಕೈಗೇ ಕೊಟ್ಟಳು. ಹೋದ ಜೀವ ಬಂದಂತಾಯಿತು ನನಗೆ. ಅವ್ವನ ಹಿಂದೆಯೇ ಅಡುಗೆಮನೆಗೆ ಹೋಗಿ ಅವರ ಕೈ ಹಿಡಿದುಕೊಂಡೆ.

"ಅವ್ವ, ನಾನು ಇನ್ನೇನೂ ವಾದ ಮಾಡಕಿಲ್ಲ. ನೀನು ಅವಳಿಗೆ ಬ್ಯಾಡ ಅನ್ನೋದನ್ನ ಮಾತ್ರ ನಿಲ್ಲುಸ್ಬ್ಯಾಡ."

"ಈಗ್ಲಾದ್ರೂ ಬುದ್ಧಿ ಬಂತಲ್ಲ" ಅಂದರು ಅವ್ವ.

ಟಾರ್ಚು

ನೋಡಲು ಬಂದವರೆಲ್ಲ ಮಗುವಿನ ಬಾಯಿ ತೆಗೆಸಿ ಮೊಬೈಲ್ ಟಾರ್ಚ್ ಬಿಡುವುದು ಶುರುವಾಯಿತು. ಗಾಯದ ಮೇಲೆ ಬಿಳಿ ಪದರ ಕಟ್ಟುತ್ತದೆ, ಅದು ವಾಸಿಯಾಗುವ ರೀತಿ ಅಂತ ಡಾಕ್ಟರು ಮೊದಲೇ ಹೇಳಿದ್ದರು. ನೋಡಿದವರೆಲ್ಲ "ಕೀವು" ಅಂತ ಎದೆ ಮೇಲೆ ಕೈಯಿಟ್ಟುಕೊಳ್ಳುವವರೇ.

ಅರಕಲಗೂಡಿನಿಂದ ನನ್ನ ಹೆಂಡತಿಯ ಅಕ್ಕ ಬಂದರು. ಗಂಟಲು ಕೊಯ್ದ ಮಗುವಿಗೆ ಒಂದು ಡಬ್ಬ ಚಕ್ಕುಲಿ ತಂದಿದ್ದರು. ಉಪ್ಪಿಟ್ಟು ಕೊಟ್ಟರೆ, "ಬೇಡಪ್ಪ, ಸೋಮವಾರ ನಂಗೆ ಉಪವಾಸ, ಒಂದು ತೊಟ್ಟು ಕಾಫೀನೂ ಮುಟ್ಟಲ್ಲ" ಅಂದರು. ಕೂತ ಕೂಡಲೇ ಟಾರ್ಚ್ ತೆಗೆದರು.

"ಎಲ್ಲಿ ಕಂದ, ಆ ಅನ್ನು."

ಮಗಳಿಗೆ ಸಾಕಾಗಿತ್ತು. "ಮೊದ್ಲು ನೀವು ಆ ಅನ್ನಿ ದೊಡ್ಡಮ್ಮ."

ಮಗುವಿನ ಆಟ ಅಂತ ಅವರು ನಗುತ್ತಾ ಬಾಯಿ ತೆಗೆದರು. ಮಗಳು ಟಾರ್ಚ್ ಕಿತ್ತುಕೊಂಡು ಒಳಗೆಲ್ಲ ಬೆಳಕು ಬಿಟ್ಟು ಡಾಕ್ಟರ ಹಾಗೆ ತಲೆ ಆಡಿಸಿದಳು.

"ಅಪ್ಪ, ಕೀವಿಲ್ಲ. ಚಕ್ಕುಲಿ ಐತೆ."

ಮತ್ತೆ ಹಾಸನಕ್ಕೆ

ವಾಸಿಯಾದ ಮೇಲೆ ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೋದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಭಾರಿ ಆಳು ಕೂತಿದ್ದ. ದಪ್ಪ ಮೀಸೆ, ಕತ್ತಿನಲ್ಲಿ ಚೈನು. ಟಾನ್ಸಿಲ್ ತೆಗೆಸಲು ಅವತ್ತು ಅಡ್ಮಿಟ್ ಆಗಲು ಬಂದವನು. ಹೆಂಡತಿ ಬ್ಯಾಗು ಹಿಡಿದು ಪಕ್ಕದಲ್ಲಿದ್ದಳು. ಮಗಳಿಗೂ ಅದೇ ಆಪರೇಷನ್ ಆಗಿದೆ ಅಂತ ಗೊತ್ತಾಗಿ ಅವನು ಬಗ್ಗಿ ಮೆಲ್ಲಗೆ ಕೇಳಿದ.

"ಮರಿ, ನೋಯ್ತದಾ?"

ಅವನ ಹೆಂಡತಿ ಬೇಡ ಬೇಡ ಅಂತ ಕಣ್ಸನ್ನೆ ಮಾಡಿದಳು. ನಾನು ಮಗಳ ಭುಜ ಅದುಮಿದೆ. ಅವಳು ನನ್ನ ಕೈ ತೆಗೆದುಹಾಕಿದಳು.

"ಶಾನೆ ನೋಯ್ತದೆ. ಉಗುಳು ನುಂಗಿದ್ರೂ ನೋಯ್ತದೆ. ಇವರೆಲ್ಲ ನೋಯಲ್ಲ ಅಂತಾರೆ, ನಂಬ್ಬೇಡಿ. ಆಮೇಲೆ ವಾಸಿ ಆಯ್ತದೆ."

ಕೊನೆಯ ಮಾತು ಅವನ ಕಿವಿಗೆ ಬಿತ್ತೋ ಇಲ್ಲವೋ. "ಗಾಡಿ ಸರ್ಯಾಗಿ ನಿಲ್ಸಿಲ್ಲ" ಅಂತ ಎದ್ದು ಹೋದ. "ನಾವು ಬಂದಿದ್ದು ಬಸ್ಸಲ್ಲಲ್ವಾ" ಅಂದಳು ಅವನ ಹೆಂಡತಿ, ಅವನು ಬಾಗಿಲು ದಾಟಿದ ಮೇಲೆ. ನರ್ಸು ಅವನ ಹೆಸರು ಕೂಗಿದರು, ಮತ್ತೆ ಕೂಗಿದರು. ಹೆಂಡತಿ ಫೋನ್ ಮಾಡಿದರೆ ಎತ್ತಲಿಲ್ಲ.

ಈ ಗಲಾಟೆಯಲ್ಲಿ ನೋಡುತ್ತೇನೆ, ಮಗಳು ಬೆಂಚಿನ ಮೇಲಿಲ್ಲ. ಗಾಬರಿಯಾಗಿ ಹೊರಗೆ ಓಡಬೇಕು ಅನ್ನುವಷ್ಟರಲ್ಲಿ ಬಾಗಿಲು ತೆರೆಯಿತು. ಆ ಮೀಸೆಯವನ ಹೆಬ್ಬೆರಳನ್ನು ಎರಡೂ ಕೈಯಲ್ಲಿ ಹಿಡಿದು ಮಗಳು ಎಳೆದುಕೊಂಡು ಬರುತ್ತಿದ್ದಳು. ಗೇಟಿನಾಚೆ ಆಟೋದೊಳಗೆ ತಲೆ ತಗ್ಗಿಸಿ ಕೂತಿದ್ದನಂತೆ. ಎಲ್ಲರೂ ನೋಡುತ್ತಿದ್ದದ್ದರಿಂದ ಅವನಿಗೆ ಕೈ ಕಿತ್ತುಕೊಳ್ಳಲೂ ಆಗಲಿಲ್ಲ. ಮಗಳು ಅವನನ್ನು ಒಳಗೆ ತಳ್ಳಿ, ಏದುಸಿರು ಬಿಡುತ್ತಾ ನರ್ಸಿಗೆ ಹೇಳಿದಳು:

"ಸಿಸ್ಟರ್, ಹಿಡ್ಕೊಂಡ್ ಬಂದಿವ್ನಿ. ಬಾಗ್ಲಾಕ್ಕೊಳಿ."