ಊರಿನ ಪರವಾಗಿ ಆಣೆ

ಹಣಮಪ್ಪನ ಗುಡಿಯಲ್ಲಿ ಒದ್ದೆ ಧೋತರದಲ್ಲಿ ನಿಂತು ಸುಳ್ಳು ಆಣೆ ಮಾಡಿದವನ ಎತ್ತು ಸಾಯುತ್ತದೆ. ಎತ್ತು ಇಲ್ಲದಿದ್ದರೆ ಬೆಳೆ ಹೋಗುತ್ತದೆ. ನೆಲೋಗಿಯಿಂದಾಚೆ ಬಸ್ಸು ಹೋಗದ ಆ ಊರಿನಲ್ಲಿ ಇದನ್ನು ಯಾರೂ ಅನುಮಾನಿಸುತ್ತಿರಲಿಲ್ಲ. ಇದರಿಂದ ಊರಿನ ವ್ಯವಹಾರಕ್ಕೆ ಅಡಚಣೆಯಾಗುತ್ತಿದೆಯೆಂದು ಮನಗಂಡ ಗುಡಿ ಕಮಿಟಿಯು 1978ರ ಒಂದು ಶನಿವಾರ, ಅಭಿಷೇಕ ಮುಗಿದ ಮೇಲೆ, ಸೈದಪ್ಪನನ್ನು ಊರಿನ ಆಣೆಗಾರನನ್ನಾಗಿ ನೇಮಿಸಿತು.

ಸೈದಪ್ಪ ಆಗ ಗುಡಿಯ ಕಟ್ಟೆಯ ಮೇಲೆ ಕೂತು ಪ್ರಸಾದದ ಬೆಲ್ಲ ತಿನ್ನುತ್ತಿದ್ದ. ಅವನಿಗೆ ಎತ್ತಿರಲಿಲ್ಲ, ಹೊಲವಿರಲಿಲ್ಲ, ಹೆಂಡತಿ ಮಕ್ಕಳಿರಲಿಲ್ಲ.

"ನಿನ್ನಿಂದ ಕಸ್ಕೊಳ್ಳಾಕ ಹಣಮಪ್ಪಗ ಏನೂ ಇಲ್ಲಲೇ. ಇಂಥಾ ಅರ್ಹತಾ ಜೇವರ್ಗಿಯೊಳಗೂ ಸಿಗಂಗಿಲ್ಲ," ಎಂದರು ಕಮಿಟಿಯ ಅಧ್ಯಕ್ಷರೂ ಊರ ಗೌಡರೂ ಆದ ಬಸವಂತರಾಯರು.

ಆಣೆಗೊಂದು ಸೇರು ಜೋಳ. ಧೋತರ ಒಣಗುವವರೆಗೆ ರಜೆ. ಆಣೆ ಬೇಕಾದವರು ಗುಡಿಯ ಹೊರಗೆ ನಿಲ್ಲತಕ್ಕದ್ದು. ಆಣೆಗಾರನು ಒಳಗೆ ನಿಂತು, ಹೇಳಿಕೊಟ್ಟದ್ದನ್ನು ಹೇಳತಕ್ಕದ್ದು. ಕೆಲಸ ಸುಗಮವಾಗಿ ಸಾಗಿತು. ಎತ್ತುಗಳ ಆರೋಗ್ಯ ಸುಧಾರಿಸಿತು. ಯಡ್ರಾಮಿ ಕಡೆಯವರೂ ಸೈದಪ್ಪನನ್ನು ಎರವಲು ಕೇಳಿದರು.

ಮರುವರ್ಷ ಬಸವಂತರಾಯರ ಹೊಲದ ಗಡಿಯ ಬಾಂದಗಲ್ಲು ಒಂದು ಬೆಳಿಗ್ಗೆ ವಿಧವೆ ಗಂಗಾಬಾಯಿಯ ಹೊಲದೊಳಗೆ ಕಂಡುಬಂತು. ಕಲ್ಲು ಅಜ್ಜನ ಕಾಲದಿಂದಲೂ ಅಲ್ಲೇ ಇತ್ತೆಂದು ಆಣೆಯಾಗಬೇಕಿತ್ತು. ಸೈದಪ್ಪ ತಲೆಯ ಮೇಲೆ ಕೊಡ ನೀರು ಸುರಿದುಕೊಂಡು ಒಳಗೆ ನಿಂತ. ಆಣೆ ಮಾಡದೆ ಬಾಗಿಲ ಕಡೆ ತಿರುಗಿದ.

"ಒಳಗ ಯಾರೋ ಬ್ಯಾಡ ಅನ್ನಾಕತ್ತಾರ್ರಿ, ಗೌಡ್ರ."

"ಯಾರಲೇ? ಗುಡ್ಯಾಗ ನೀ ಒಬ್ಬಾವನೇ ಅದಿ."

"ಗುಡ್ಯಾಗಲ್ರಿ. ನನ್ನೊಳಗ."

"ಯಾವಾಗ ಬಂದಾನ?"

"ಮೊದಲಿಂದ ಇದ್ದಿರಬೇಕ್ರಿ. ಇವತ್ತ ಮಾತಾಡ್ಯಾನ. ಆ ಕಲ್ಲ ನಿಮ್ಮ ಮಾತು ಕೇಳಿ ಹೊತ್ತಾವ ನಾನೇ ಅಲ್ರಿ?"

"ಅವಗ ಇನ್ನೊಂದೀಟು ಜೋರಲೆ ಮಾತಾಡು ಅನ್ನೋ ಯಪ್ಪಾ," ಎಂದಳು ಹೊರಗೆ ನಿಂತಿದ್ದ ಗಂಗಾಬಾಯಿ.

ಕಮಿಟಿಯ ತುರ್ತು ಸಭೆ ಸೇರಿತು. ಸೈದಪ್ಪನು ನೇಮಕಾತಿಯ ವೇಳೆ ತನ್ನಲ್ಲಿ ಅಂತಃಸಾಕ್ಷಿ ಇರುವ ಸಂಗತಿಯನ್ನು ಮರೆಮಾಚಿದ್ದು ಸ್ಪಷ್ಟವಾಗಿತ್ತು. ಕಳೆದುಕೊಳ್ಳಲು ಏನಾದರೂ ಇರುವವನು ಹುದ್ದೆಗೆ ಅನರ್ಹನಾದ್ದರಿಂದ ಅವನನ್ನು ವಜಾಗೊಳಿಸಲಾಯಿತು. ಆದರೆ ಊರಿನಲ್ಲಿ ಏನೂ ಇಲ್ಲದ ಮತ್ತೊಬ್ಬ ಸಿಗಲಿಲ್ಲ. ತೀರಾ ಬಡವನಿಗೂ ಒಂದು ಮೇಕೆಯಾದರೂ ಇತ್ತು.

ಪೂಜಾರಿ ಗುರುರಾಜ ಎದ್ದು ನಿಂತ. "ಹಣಮಪ್ಪನೇ ಇದ್ದಾನಲ್ರಿ. ಹೆಂಡತಿ ಮಕ್ಕಳಿಲ್ಲ. ಎತ್ತಿಲ್ಲ. ಅವನ ಇನಾಮು ಹೊಲ ಗೌಡ್ರೇ ಉಳಾಕತ್ತಾರ. ಮ್ಯಾಲ ದಿನಾ ಅಭಿಷೇಕ, ಮೈ ಒದ್ದೀನೇ ಇರ್ತದ."

ಯಾರಿಗೂ ಆಕ್ಷೇಪವಿರಲಿಲ್ಲ. ಬಸವಂತರಾಯರು ಹೊರಗೆ ನಿಂತು ಕಲ್ಲಿನ ವಿಷಯ ಕೇಳಿದರು. ಹಣಮಪ್ಪ ಇಲ್ಲವೆನ್ನಲಿಲ್ಲ. ಆಣೆಯಾಯಿತೆಂದು ಪೂಜಾರಿ ಗಂಟೆ ಬಾರಿಸಿ ಸೇರು ಜೋಳ ಅಳೆಸಿಕೊಂಡ. ಊರವರು ಕೈಮುಗಿದು ಮನೆಗೆ ಹೋದರು.

ಆ ಹಿಂಗಾರಿಯಲ್ಲಿ ಗಂಗಾಬಾಯಿಯ ಹೊಲದಲ್ಲಿ ಕೂಲಿಗೆ ಕೂರಿಗೆ ಹಿಡಿದ ಸೈದಪ್ಪ ಕಲ್ಲಿನವರೆಗೆ, ಹೋದ ವರ್ಷಕ್ಕಿಂತ ಆರು ಸಾಲು ಕಡಿಮೆ ಬಿತ್ತಿದ.